ಕಂಬದಡಿಯ ಗಾಳಿ: ಮುಚ್ಚಿದ ಮೋಟಾರು ನಿಲುಗಡೆಗಳಲ್ಲಿ ವಾಯುಶುದ್ಧಿಯ ವಿಚಾರ

೧

ಪಟ್ಟಣಗಳ ವಾಯುಮಾಲಿನ್ಯದ ವಿಷಯದಲ್ಲಿ ಈಚೆಗೆ ನಡೆಯುತ್ತಿರುವ ಚರ್ಚೆಗಳು ಬಹುಮಟ್ಟಿಗೆ ಬೀದಿಯ ಗಾಳಿಯನ್ನು ಕುರಿತವು. ಸರ್ಕಾರದ ಮಾಪಕಯಂತ್ರಗಳು ನಿಂತಿರುವುದು ಬಯಲಿನಲ್ಲಿ. ಪತ್ರಿಕೆಗಳು ಪ್ರಕಟಿಸುವ ಅಂಕಿಗಳೂ ಬಯಲಿನವೇ. ಆದರೆ ಮೋಟಾರು ತನ್ನ ಆಯುಷ್ಯದ ಹೆಚ್ಚಿನ ಪಾಲನ್ನು ಕಳೆಯುವುದು ಬೀದಿಯಲ್ಲಲ್ಲ, ನಿಲುಗಡೆಯಲ್ಲಿ. ಬೆಳಗ್ಗೆ ತಣ್ಣಗಿರುವ ಎಂಜಿನ್ನಿನೊಡನೆ ಅದು ಹೊರಡುವುದು ಅಲ್ಲಿಂದ. ಸಂಜೆ ಕಾದ ಎಂಜಿನ್ನಿನೊಡನೆ ಬಂದು ಸೇರುವುದೂ ಅಲ್ಲಿಗೇ. ನಿಲುಗಡೆಯೆಂದರೆ ಮನೆಯ ಮುಂದಿನ ಮರದ ನೆರಳು ಎಂಬಂತಿದ್ದ ಕಾಲದಲ್ಲಿ ಇದನ್ನು ಕುರಿತು ಯೋಚಿಸುವ ಅಗತ್ಯವಿರಲಿಲ್ಲ. ಈಗ ಅದು ನಾವು ಮಲಗುವ ಕೋಣೆಯ ಕೆಳಕ್ಕೇ ಬಂದಿದೆ. ಮೇಲೆ ಚಾವಣಿ, ಸುತ್ತ ಗೋಡೆ, ಒಂದೇ ಬಾಗಿಲು ಇರುವ ಇಂಥ ಸ್ಥಳದಲ್ಲಿ ಮೋಟಾರಿನ ಹೊಗೆ ಏನಾಗುತ್ತದೆ, ಅದು ಯಾರಿಗೆ ತಗಲುತ್ತದೆ, ಅದನ್ನು ಅಳೆಯತಕ್ಕ ಅಳತೆಗೋಲು ಯಾವುದು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ಚೆನ್ನೈನಲ್ಲಿ ನೆಲಸಿರುವ ಕನ್ನಡಿಗರಲ್ಲಿ ಅನೇಕರಿಗೆ ಪರಿಚಿತವಾದ ವೆಸ್ಟ್ ಮಾಂಬಲವನ್ನೇ ತೆಗೆದುಕೊಳ್ಳಬಹುದು. ರೈಲುಹಾದಿಯ ಪೂರ್ವಕ್ಕೆ ತ್ಯಾಗರಾಯನಗರ, ಪಶ್ಚಿಮಕ್ಕೆ ಈ ಬಡಾವಣೆ. ‘ಲಾಂಗ್ ಟ್ಯಾಂಕ್’ ಎಂದು ಹೆಸರಾಗಿದ್ದ ದೊಡ್ಡ ಕೆರೆಯ ಒಂದು ಭಾಗವನ್ನು ತುಂಬಿ ತ್ಯಾಗರಾಯನಗರವನ್ನು ನಿರ್ಮಿಸಿದ್ದು ೧೯೨೦ರ ದಶಕದಲ್ಲಿ. ಕೆರೆ ಹೋದರೂ ಪಶ್ಚಿಮ ಭಾಗದಲ್ಲಿ ಲೇಕ್ ವ್ಯೂ ರಸ್ತೆಯೆಂಬ ಹೆಸರು ಉಳಿದುಬಂದಿದೆ. ನೆಲ ತಗ್ಗಾದದ್ದು, ಮಳೆಗಾಲದಲ್ಲಿ ನೀರು ನಿಲ್ಲತಕ್ಕದ್ದು. ಆದುದರಿಂದ ನೆಲವನ್ನು ಅಗೆದು ಮಾಡುವ ನೆಲಮಾಳಿಗೆಗಿಂತಲೂ, ಕಂಬಗಳ ಮೇಲೆ ಮನೆಗಳನ್ನೆತ್ತಿ ಅವುಗಳ ಕೆಳಗೆ ವಾಹನಗಳನ್ನು ನಿಲ್ಲಿಸುವ ಕ್ರಮವೇ ಇಲ್ಲಿ ಹೆಚ್ಚು ಕಾಣುತ್ತದೆ. ಊರಿನವರು ‘ಸ್ಟಿಲ್ಟ್’ ಎನ್ನುವ ಈ ನೆಲವನ್ನು ಕಂಬದಡಿ ಎಂದು ಕರೆದರೆ ಅರ್ಥಕ್ಕೆ ತೊಡಕಾಗಲಾರದು.

ಬೀದಿಗೆ ಜಗಲಿ, ನಡುವೆ ಆಕಾಶ ಕಾಣುವ ತೊಟ್ಟಿ, ಹಿಂದೆ ಬಾವಿ ಇದ್ದ ಹಳೆಯ ಮನೆಗಳ ಜಾಗದಲ್ಲಿ ಈಗ ಎಂಟೋ ಹನ್ನೆರಡೋ ಸಂಸಾರಗಳ ಕಟ್ಟಡಗಳು ನಿಂತಿವೆ. ತೊಟ್ಟಿ ಬೆಳಕಿಗೆ ಮಾತ್ರ ಇದ್ದುದಲ್ಲ. ಕಾದ ಗಾಳಿ ಮೇಲೇರಿ ಹೋಗುವುದಕ್ಕೂ ಅದೇ ದಾರಿ. ಕಂಬದಡಿಗೆ ಅಂಥ ದಾರಿ ಇಲ್ಲ. ಅದರ ಗಾಳಿ ಹೊರಹೋಗಬೇಕಾದರೆ ಪಕ್ಕಗಳಿಂದಲೇ ಹೋಗಬೇಕು. ನಕ್ಷೆಯಲ್ಲಿ ಪಕ್ಕಗಳು ತೆರೆದಿರುತ್ತವೆ, ನಿಜ. ಕಟ್ಟಡದಲ್ಲಿ ಜನ ಬಂದು ಸೇರಿದ ಮೇಲೆ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಕಳ್ಳರ ಭಯಕ್ಕೆ ಕಬ್ಬಿಣದ ಜಾಲರಿ. ಮಳೆಯ ಎರಚಲಿಗೆ ಜಾಲರಿಯ ಮೇಲೆ ತಗಡು. ನೆರೆಮನೆಯವರ ಕಣ್ಣಿಗೆ ಮರೆಯಾಗಿ ಎತ್ತರದ ಗೋಡೆ. ಹಳೆಯ ಪೀಠೋಪಕರಣಗಳಿಗೆ ಒಂದು ಮೂಲೆ. ಕಾವಲುಗಾರನಿಗೆ ಒಂದು ಗೂಡು. ೨೦೧೫ರ ಡಿಸೆಂಬರಿನ ಪ್ರವಾಹದಂಥ ಅನುಭವವಾದ ಮೇಲೆ ನೀರನ್ನು ತಡೆಯಲು ಗೋಡೆಯನ್ನು ಏರಿಸುವುದೂ ಸಹಜವೇ. ಇವುಗಳಲ್ಲಿ ಯಾವುದೊಂದನ್ನೂ ಅವಿವೇಕವೆನ್ನಲಾಗದು. ಆದರೆ ಎಲ್ಲವೂ ಕೂಡಿದಾಗ, ತೆರೆದ ನೆಲವಾಗಿ ಹುಟ್ಟಿದ್ದು ಯಾರ ಅಪ್ಪಣೆಯೂ ಇಲ್ಲದೆ ಮುಚ್ಚಿದ ಕೋಣೆಯಾಗಿ ಮಾರ್ಪಡುತ್ತದೆ.

೨

ಮೋಟಾರಿನ ಹೊಗೆ ಒಂದೇ ವಸ್ತುವಲ್ಲ. ಪೆಟ್ರೋಲು ಪೂರ್ಣವಾಗಿ ಉರಿದರೆ ನೀರಿನ ಆವಿಯೂ ಇಂಗಾಲದ ಡೈಆಕ್ಸೈಡೂ ಉಂಟಾಗಬೇಕು. ಉರಿಯುವಿಕೆ ಅರೆಯಾದಾಗ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಉರಿಯದೆ ಉಳಿದ ಇಂಧನದ ಆವಿಯೂ ಹೊರಬರುತ್ತದೆ. ಎಂಜಿನ್ನಿನ ತೀವ್ರವಾದ ಶಾಖದಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಡೀಸೆಲ್ ವಾಹನಗಳಿಂದ, ಅದರಲ್ಲಿಯೂ ಹಳೆಯವುಗಳಿಂದ, ಸೂಕ್ಷ್ಮವಾದ ಮಸಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೨ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಪೆಟ್ರೋಲಿನಲ್ಲಿರುವ ಬೆಂಜೀನೂ ಅದೇ ವರ್ಗದ್ದು. ಇದು ಹೊಗೆಯಿಂದ ಮಾತ್ರವೇ ಬರುವುದಲ್ಲ. ಎಂಜಿನ್ನನ್ನು ನಿಲ್ಲಿಸಿದ ಮೇಲೂ ಕಾದ ವಾಹನದ ಇಂಧನಭಾಗಗಳಿಂದ ಸ್ವಲ್ಪ ಸ್ವಲ್ಪವಾಗಿ ಆವಿಯಾಗುತ್ತಿರುತ್ತದೆ.

ಇವುಗಳಲ್ಲಿ ತಕ್ಷಣದ ಪ್ರಾಣಾಪಾಯಕ್ಕೆ ಕಾರಣವಾಗತಕ್ಕದ್ದು ಇಂಗಾಲದ ಮಾನಾಕ್ಸೈಡು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ‘ಹೊಗೆಯ ವಾಸನೆ ಬರುತ್ತಿಲ್ಲ, ಆದುದರಿಂದ ಗಾಳಿ ಚೆನ್ನಾಗಿದೆ’ ಎಂಬ ಮಾತಿಗೆ ಆಧಾರವಿಲ್ಲ. ಇನ್ನೊಂದು ತಪ್ಪು ತಿಳಿವಳಿಕೆಯೂ ಬಳಕೆಯಲ್ಲಿದೆ: ಈ ಅನಿಲ ಭಾರವಾದದ್ದು, ನೆಲದ ಮೇಲೆ ಹರಡಿಕೊಳ್ಳುತ್ತದೆ, ಮೇಲೆ ಕುಳಿತವರಿಗೆ ಭಯವಿಲ್ಲ ಎಂದು. ವಾಸ್ತವವಾಗಿ ಅದರ ಸಾಂದ್ರತೆ ಗಾಳಿಯ ಸಾಂದ್ರತೆಗೆ ತೀರ ಹತ್ತಿರ. ಗಾಳಿಯದು ೨೯ ಎಂದರೆ ಇದರದು ೨೮. ಆದುದರಿಂದ ಅದು ಕೆಳಗೂ ನಿಲ್ಲದೆ ಮೇಲೂ ನಿಲ್ಲದೆ ಕೋಣೆಯ ಗಾಳಿಯಲ್ಲೆಲ್ಲ ಬೆರೆತುಹೋಗುತ್ತದೆ. ನೆಲವನ್ನು ಹಿಡಿದು ನಿಲ್ಲುವುದು ಪೆಟ್ರೋಲಿನ ಆವಿ.

೩

ಈಚಿನ ವಾಹನಗಳು ಹಿಂದಿನವುಗಳಿಗಿಂತ ಬಹಳ ಶುದ್ಧವಾದವು ಎಂಬುದು ನಿರ್ವಿವಾದ. ೧೯೯೫ರ ಏಪ್ರಿಲಿನಿಂದ ಚೆನ್ನೈಯೂ ಸೇರಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ‘ಕ್ಯಾಟಲಿಟಿಕ್ ಕನ್ವರ್ಟರ್’ ಎಂಬ ಶೋಧಕವನ್ನು ಕಡ್ಡಾಯ ಮಾಡಲಾಯಿತು. ೨೦೦೦ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ರ ಕಟ್ಟಳೆಗಳು ಜಾರಿಗೆ ಬಂದವು. ಇವುಗಳ ಪ್ರಕಾರ ಪೆಟ್ರೋಲ್ ಕಾರು ಕಿಲೋಮೀಟರಿಗೆ ೧ ಗ್ರಾಮಿಗಿಂತ ಹೆಚ್ಚು ಇಂಗಾಲದ ಮಾನಾಕ್ಸೈಡನ್ನು ಬಿಡಕೂಡದು. ಹೀಗಿರುವಾಗ ನಿಲುಗಡೆಯ ಗಾಳಿಯ ಬಗೆಗೆ ಚಿಂತಿಸಬೇಕಾದ ಕಾರಣವೇನು ಎಂದು ವಾಚಕರು ಕೇಳಬಹುದು.

ಕಾರಣ ಶೋಧಕದ ಸ್ವಭಾವದಲ್ಲಿದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಯುಳ್ಳ ಲೋಹಗಳನ್ನು ಲೇಪಿಸಿದ ಈ ಪೆಟ್ಟಿಗೆ ವಿಷಾನಿಲಗಳನ್ನು ನಿರಪಾಯವಾದ ಅನಿಲಗಳಾಗಿ ಮಾರ್ಪಡಿಸುತ್ತದೆ. ಆದರೆ ಕಾದ ಮೇಲೆ ಮಾತ್ರ. ಸುಮಾರು ೨೫೦ರಿಂದ ೩೦೦ ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖವೇರುವವರೆಗೆ ಅದು ಹೆಚ್ಚುಕಡಮೆ ನಿಷ್ಕ್ರಿಯವಾಗಿರುತ್ತದೆ. ಎಂಜಿನ್ ತಣ್ಣಗಿರುವಾಗ ಅದಕ್ಕೆ ಇಂಧನವನ್ನು ಹೆಚ್ಚಾಗಿ ಒದಗಿಸಬೇಕಾಗುವುದರಿಂದ ಅರೆಯುರಿಯುವಿಕೆಯೂ ಆಗಲೇ ಹೆಚ್ಚು. ಚೆನ್ನೈಯ ಹವೆ ಬೆಚ್ಚಗಿರುವುದರಿಂದ ಶೀತದೇಶಗಳಲ್ಲಿನಷ್ಟು ತೊಂದರೆ ಇಲ್ಲಿ ಇಲ್ಲವೆಂಬುದನ್ನು ಒಪ್ಪಬೇಕು. ಆದರೂ ೩೦ ಡಿಗ್ರಿಗೂ ೩೦೦ ಡಿಗ್ರಿಗೂ ಇರುವ ಅಂತರ ದೊಡ್ಡದು. ಹೀಗಾಗಿ ಯಾವ ವಾಹನ ರಾಜಮಾರ್ಗದಲ್ಲಿ ಶುದ್ಧವಾಗಿರುವುದೋ ಅದೇ ವಾಹನ ಹೊರಡುವ ಮೊದಲ ಒಂದೆರಡು ನಿಮಿಷಗಳಲ್ಲಿ ಅಶುದ್ಧವಾಗಿರುತ್ತದೆ. ಆ ಒಂದೆರಡು ನಿಮಿಷಗಳು ಕಳೆಯುವುದು ಕಂಬದಡಿಯಲ್ಲಿ. ಮಾಲಿನ್ಯ ನಿಯಂತ್ರಣದ ಪ್ರಮಾಣಪತ್ರಕ್ಕಾಗಿ ಹೊಗೆಯನ್ನು ಪರೀಕ್ಷಿಸುವುದು ಕಾದ ಎಂಜಿನ್ನಿನಲ್ಲಿ. ತಣ್ಣಗಿರುವ ಎಂಜಿನ್ನಿನ ವಿಷಯವಾಗಿ ಆ ಪತ್ರ ಏನನ್ನೂ ಹೇಳುವುದಿಲ್ಲ.

೪

ಕೋಣೆಯ ಗಾಳಿಯ ಲೆಕ್ಕ ಜಮಾಖರ್ಚಿನ ಲೆಕ್ಕವೇ. ವಾಹನಗಳು ಬಿಟ್ಟದ್ದು ಜಮಾ. ಗಾಳಿಯ ಸಂಚಾರದಿಂದ ಹೊರಹೋದದ್ದು ಖರ್ಚು. ಉಳಿದ ಶಿಲ್ಕನ್ನು ಉಸಿರಾಡುವವರು ಅಲ್ಲಿರುವವರು. ಒಂದು ಗಂಟೆಯಲ್ಲಿ ಕೋಣೆಯ ಗಾಳಿಯಷ್ಟೇ ಹೊಸ ಗಾಳಿ ಎಷ್ಟು ಸಲ ಒಳಕ್ಕೆ ಬರುತ್ತದೆ ಎಂಬುದನ್ನು ಇಂಜಿನಿಯರುಗಳು ಗಾಳಿಯ ಬದಲಾವಣೆಯೆಂದು ಎಣಿಸುತ್ತಾರೆ.

ಲೆಕ್ಕದ ಸೌಕರ್ಯಕ್ಕಾಗಿ ಒಂದು ನಿಲುಗಡೆಯನ್ನು ಊಹಿಸಿಕೊಳ್ಳೋಣ. ಉದ್ದ ೩೦ ಮೀಟರ್, ಅಗಲ ೨೦ ಮೀಟರ್, ಎತ್ತರ ಎರಡೂವರೆ ಮೀಟರ್; ಅಂದರೆ ೧,೫೦೦ ಘನಮೀಟರ್ ಗಾಳಿ. ಬೆಳಗ್ಗೆ ಒಂದು ಗಂಟೆಯೊಳಗೆ ಹತ್ತು ಕಾರುಗಳು ಹೊರಡುತ್ತವೆ. ಒಂದೊಂದೂ ಹೊರಗೆ ಹೋಗುವ ಮೊದಲು ೫ ಗ್ರಾಂ ಇಂಗಾಲದ ಮಾನಾಕ್ಸೈಡನ್ನು ಬಿಡುತ್ತದೆ ಎಂದಿಟ್ಟುಕೊಳ್ಳೋಣ. ಗಾಳಿಯ ಸಂಚಾರವೇ ಇಲ್ಲದಿದ್ದರೆ ಆ ಗಂಟೆಯ ಕೊನೆಗೆ ಘನಮೀಟರಿಗೆ ಸುಮಾರು ೩೩ ಮಿಲಿಗ್ರಾಂ ನಿಲ್ಲುತ್ತದೆ. ಗಂಟೆಗೆ ಆರು ಸಲ ಗಾಳಿ ಬದಲಾದರೆ ಸರಾಸರಿ ಐದೂವರೆ ಮಿಲಿಗ್ರಾಮಿನ ಹತ್ತಿರಕ್ಕೆ ಇಳಿಯುತ್ತದೆ; ಹನ್ನೆರಡು ಸಲ ಬದಲಾದರೆ ಮೂರಕ್ಕಿಂತ ಕಡಮೆ. ಕೊನೆಯ ವಾಹನ ಹೋದ ಮೇಲಿನ ವ್ಯತ್ಯಾಸವೂ ಗಮನಾರ್ಹ. ಆರು ಬದಲಾವಣೆಗಳಿರುವಲ್ಲಿ ಉಳಿದ ವಿಷ ಏಳು ನಿಮಿಷಕ್ಕೆ ಅರ್ಧವಾಗುತ್ತದೆ. ಒಂದೇ ಬದಲಾವಣೆಯಿರುವಲ್ಲಿ ಅರ್ಧವಾಗಲು ನಲವತ್ತು ನಿಮಿಷಕ್ಕೂ ಮೇಲೆ ಬೇಕು. ಅಷ್ಟರಲ್ಲಿ ಮತ್ತೆರಡು ವಾಹನಗಳು ಹೊರಟಿರುತ್ತವೆ.

ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಬೇಕಾಗಿ ಬಂದದ್ದು ಸುರಂಗಮಾರ್ಗಗಳಿಗಾಗಿ. ಮಾಂಬಲವನ್ನೂ ತ್ಯಾಗರಾಯನಗರವನ್ನೂ ಕೂಡಿಸುವ ದೊರೈಸ್ವಾಮಿ ಸಬ್‌ವೇಯಲ್ಲಿ ಸಂಜೆ ವಾಹನಗಳ ಸಾಲು ನಿಂತಾಗ ಎರಡು ಚಕ್ರದ ವಾಹನದ ಮೇಲೆ ಕುಳಿತವರಿಗೆ ಆಗುವ ಅನುಭವವನ್ನು ಅಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಅದು ಕೆಲವೇ ಮಾರು ಉದ್ದದ ದಾರಿ. ನ್ಯೂಯಾರ್ಕಿನಲ್ಲಿ ಹಡ್ಸನ್ ನದಿಯ ಅಡಿಯಲ್ಲಿ ಮೋಟಾರುಗಳಿಗಾಗಿ ಎರಡೂವರೆ ಕಿಲೋಮೀಟರಿಗೂ ಮೀರಿದ ಸುರಂಗವನ್ನು ಕಟ್ಟಲು ಹೊರಟಾಗ, ಅದರೊಳಗೆ ಮನುಷ್ಯರು ಬದುಕಿರುವುದು ಹೇಗೆ ಎಂಬುದೇ ಮುಖ್ಯ ಪ್ರಶ್ನೆಯಾಯಿತು. ಯೇಲ್ ವಿಶ್ವವಿದ್ಯಾನಿಲಯದ ಯಾಂಡೆಲ್ ಹೆಂಡರ್ಸನ್ ಮತ್ತು ಅವರ ಸಹೋದ್ಯೋಗಿಗಳು ೧೯೨೦ರ ದಶಕದ ಆರಂಭದಲ್ಲಿ ಸ್ವಯಂಸೇವಕರನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಪರೀಕ್ಷೆಗಳನ್ನು ನಡೆಸಿದರು. ಗಾಳಿಯ ಹತ್ತು ಸಾವಿರ ಭಾಗಗಳಲ್ಲಿ ಈ ಅನಿಲ ನಾಲ್ಕು ಭಾಗವಿದ್ದರೆ ಒಂದು ಗಂಟೆಯ ಮಟ್ಟಿಗೆ ಸಹಿಸಬಹುದು ಎಂದು ನಿರ್ಣಯಿಸಿದರು. ೧೯೨೭ರ ನವೆಂಬರಿನಲ್ಲಿ ತೆರೆದ ಹಾಲೆಂಡ್ ಸುರಂಗದಲ್ಲಿ ೮೪ ದೊಡ್ಡ ಪಂಕಗಳು ಕೆಳಗಿನ ನಾಳದಿಂದ ಹೊಸ ಗಾಳಿಯನ್ನು ಒದಗಿಸಿ, ಚಾವಣಿಯ ಮೂಲಕ ಕೆಟ್ಟ ಗಾಳಿಯನ್ನು ಸೆಳೆದು, ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ಗಾಳಿಯನ್ನು ಬದಲಾಯಿಸುವಂತೆ ಮಾಡಿದವು. ಮುಂದೆ ಬಂದ ನೆಲಮಾಳಿಗೆಗಳ ಕಟ್ಟಳೆಗಳಿಗೂ ಇದೇ ತತ್ತ್ವ ತಳಹದಿಯಾಯಿತು.

ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ನೆಲಮಾಳಿಗೆಗಳಿಗೆ ಒಂದು ಸುಲಭವಾದ ಅಳತೆಯನ್ನು ಹೇಳಿದೆ: ಗಾಳಿಕಿಂಡಿಗಳ ಒಟ್ಟು ವಿಸ್ತೀರ್ಣ ನೆಲದ ವಿಸ್ತೀರ್ಣದಲ್ಲಿ ಶೇಕಡ ಎರಡೂವರೆಗೆ ಕಡಮೆಯಿರಬಾರದು, ಅವು ಸುತ್ತಲೂ ಸಮನಾಗಿ ಹಂಚಿರಬೇಕು. ಮೇಲೆ ಊಹಿಸಿದ ನಿಲುಗಡೆಗೆ ಇದು ೧೫ ಚದರ ಮೀಟರ್ ಆಗುತ್ತದೆ. ಇಂಗ್ಲೆಂಡಿನ ನಿಯಮ, ಯಂತ್ರದ ಸಹಾಯವಿಲ್ಲದೆ ಗಾಳಿಯಾಡಬೇಕಾದರೆ ಶೇಕಡ ಐದನ್ನು ಕೇಳುತ್ತದೆ. ಅದರಲ್ಲಿಯೂ ಕಾಲುಭಾಗವಾದರೂ ಎದುರುಬದಿರಾದ ಎರಡು ಗೋಡೆಗಳಲ್ಲಿ ಒಂದೊಂದರಲ್ಲಿಯೂ ಇರಬೇಕೆನ್ನುತ್ತದೆ. ಈ ಎರಡನೆಯ ಷರತ್ತೇ ಹೆಚ್ಚು ಮುಖ್ಯ. ಒಂದೇ ಕಡೆ ಬಾಗಿಲಿದ್ದರೆ, ಅದು ಎಷ್ಟು ದೊಡ್ಡದಾದರೂ, ಗಾಳಿ ಒಳಕ್ಕೆ ಬಂದು ಹೋಗಲು ದಾರಿಯಿಲ್ಲ. ಚೆನ್ನೈಯಲ್ಲಿ ಕಡಲಗಾಳಿ ಪೂರ್ವದಿಂದ ಬರುತ್ತದೆ, ಆದರೆ ಬರುವುದು ಸಾಮಾನ್ಯವಾಗಿ ಹೊತ್ತೇರಿದ ಮೇಲೆ. ಕಾರುಗಳು ಹೊರಡುವುದು ಅದಕ್ಕೆ ಮೊದಲು, ಗಾಳಿ ನಿಂತಿರುವ ಹೊತ್ತಿನಲ್ಲಿ. ನೆಲಮಾಳಿಗೆಗಳಿಗೆ ಇನ್ನೊಂದು ತೊಡಕು: ಹಗಲಿನಲ್ಲಿ ಅಲ್ಲಿಯ ಗಾಳಿ ಹೊರಗಿನದಕ್ಕಿಂತ ತಂಪಾಗಿರುವುದರಿಂದ ತಾನಾಗಿ ಮೇಲೇಳುವುದಿಲ್ಲ. ಬೆಂಗಳೂರಿನಲ್ಲಿ ಎರಡು ಮೂರು ಅಂತಸ್ತು ಆಳಕ್ಕೆ ಇಳಿದಿರುವ ನಿಲುಗಡೆಗಳಿಗೆ ಪಂಕಗಳಿಲ್ಲದೆ ಗತಿಯಿಲ್ಲ. ವಿದ್ಯುತ್ತಿನ ಉಳಿತಾಯಕ್ಕಾಗಿ ಆ ಪಂಕಗಳನ್ನು ನಿಲ್ಲಿಸಿದರೆ ಅವು ಇದ್ದೂ ಇಲ್ಲದಂತೆ.

೫

ಈಗ ಅಳತೆಗೋಲಿನ ಪ್ರಶ್ನೆ. ಇಂಗಾಲದ ಮಾನಾಕ್ಸೈಡು ರಕ್ತದ ಹಿಮೋಗ್ಲೋಬಿನ್ನಿನೊಡನೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ೧೮೫೦ರ ದಶಕದಲ್ಲಿ ಈ ಕ್ರಿಯೆಯನ್ನು ತೋರಿಸಿದರು, ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ೧೮೯೫ರಲ್ಲಿ ತಮ್ಮ ಮೇಲೆಯೇ ಪ್ರಯೋಗಮಾಡಿ ಅದರ ಕ್ರಮವನ್ನು ವಿವರಿಸಿದರು. ಶುದ್ಧವಾದ ಗಾಳಿಗೆ ಬಂದ ಮೇಲೂ ರಕ್ತದಲ್ಲಿ ಸೇರಿದ ಅನಿಲದ ಅರ್ಧಭಾಗ ಹೊರಟುಹೋಗಲು ನಾಲ್ಕೈದು ಗಂಟೆಗಳು ಬೇಕು. ಎಂದರೆ ಇಲ್ಲಿಯೂ ಹಿಂದಿನ ಶಿಲ್ಕು ಮುಂದಕ್ಕೆ ಬರುತ್ತದೆ. ಬೆಳಗಿನ ಹತ್ತು ವಾಹನಗಳದು ಇಳಿಯುವುದರೊಳಗೆ ಮಧ್ಯಾಹ್ನದವುಗಳದು ಸೇರುತ್ತದೆ.

ಇಂಗ್ಲೆಂಡಿನ ನಿಯಮ ನಿಲುಗಡೆಯಲ್ಲಿ ಎಂಟು ಗಂಟೆಗಳ ಸರಾಸರಿ ದಶಲಕ್ಷಕ್ಕೆ ೩೦ ಭಾಗ, ಅಂದರೆ ಘನಮೀಟರಿಗೆ ಸುಮಾರು ೩೪ ಮಿಲಿಗ್ರಾಂ, ಇರಬಹುದೆನ್ನುತ್ತದೆ. ಈ ಅಳತೆಯಿಂದ ನೋಡಿದರೆ ನಮ್ಮ ಊಹೆಯ ನಿಲುಗಡೆ, ಗಾಳಿಯೇ ಆಡದಿದ್ದರೂ, ಆ ಒಂದು ಗಂಟೆಯಲ್ಲಿ ನಿರ್ದೋಷಿಯಾಗುತ್ತದೆ. ಆದರೆ ೨೦೦೯ರ ಭಾರತದ ವಾಯುಗುಣಮಟ್ಟದ ಕಟ್ಟಳೆ ಬಯಲಿನ ಗಾಳಿಗೆ ಒಂದು ಗಂಟೆಗೆ ೪ ಮಿಲಿಗ್ರಾಂ, ಎಂಟು ಗಂಟೆಗೆ ೨ ಮಿಲಿಗ್ರಾಂ ಮಿತಿಯನ್ನು ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ಗಾಳಿಗೆ ೨೦೧೦ರಲ್ಲಿ ಎಂಟು ಗಂಟೆಗೆ ೧೦ ಮಿಲಿಗ್ರಾಂ ಎಂದು ಹೇಳಿತು. ೨೦೨೧ರಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಗೆ ೪ ಎಂದು ಗೊತ್ತುಮಾಡಿತು. ಈ ಅಳತೆಗಳಿಂದ ನೋಡಿದರೆ ಅದೇ ನಿಲುಗಡೆ ದೋಷಿ. ಒಂದೇ ಗಾಳಿಗೆ ಎರಡು ತೀರ್ಪುಗಳು ಬರುವುದು ಹೇಗೆ? ಅಳತೆಗೋಲಿನ ಹಿಂದೆ ಬೇರೆ ಬೇರೆ ಮನುಷ್ಯರಿರುವುದೇ ಇದಕ್ಕೆ ಕಾರಣ. ನಿಲುಗಡೆಯ ಅಳತೆಯನ್ನು ಮಾಡಿದವರ ಮನಸ್ಸಿನಲ್ಲಿದ್ದವನು ಕಾರನ್ನು ನಿಲ್ಲಿಸಿ ಹೋಗುವವನು, ಅಥವಾ ಕೆಲಸ ಮುಗಿಸಿ ಮನೆಗೆ ಹೋಗುವ ಆರೋಗ್ಯವಂತನಾದ ನೌಕರ. ಬಯಲಿನ ಅಳತೆಯ ಹಿಂದೆ ಇರುವವರು ಶಿಶುಗಳು, ವೃದ್ಧರು, ರೋಗಿಗಳು ಎಲ್ಲರೂ.

ನಮ್ಮ ಕಂಬದಡಿಯಲ್ಲಿರುವವನು ಯಾರು? ವಾಹನದ ಒಡೆಯ ಅಲ್ಲಿ ಎರಡು ನಿಮಿಷ ಇರುತ್ತಾನೆ. ಕಾವಲುಗಾರ ಹನ್ನೆರಡು ಗಂಟೆ ಇರುತ್ತಾನೆ. ಅನೇಕ ಕಡೆಗಳಲ್ಲಿ ಅವನ ಊಟ, ನಿದ್ರೆಗಳೂ ಅಲ್ಲಿಯೇ; ಕೆಲವೆಡೆ ಹೆಂಡತಿ ಮಕ್ಕಳೂ ಅದೇ ಗೂಡಿನಲ್ಲಿರುತ್ತಾರೆ. ಆ ಕೆಲಸಕ್ಕೆ ಬರುವವರಲ್ಲಿ ವಯಸ್ಸಾದವರೇ ಹೆಚ್ಚು. ರಕ್ತದಲ್ಲಿ ಈ ಅನಿಲದ ಪಾಲು ಶೇಕಡ ಎರಡರಿಂದ ನಾಲ್ಕರಷ್ಟಾದಾಗಲೇ, ಹೃದಯದ ರಕ್ತನಾಳಗಳು ಕಿರಿದಾದವರಿಗೆ ಶ್ರಮಪಟ್ಟಾಗ ಎದೆನೋವು ಬೇಗ ಬರುತ್ತದೆಂದು ಪರೀಕ್ಷೆಗಳಿಂದ ಗೊತ್ತಾಗಿದೆ. ತಲೆನೋವು, ಆಯಾಸ, ಓಕರಿಕೆಗಳನ್ನು ಅವನು ವಯಸ್ಸಿಗೋ ನಿದ್ರೆಗೇಡಿಗೋ ಕಟ್ಟುತ್ತಾನೆ; ನಾವೂ ಹಾಗೆಯೇ ತಿಳಿಯುತ್ತೇವೆ. ಕಂಬದಡಿಯ ಗಾಳಿಯನ್ನು ಅಳೆಯತಕ್ಕದ್ದು ಅಲ್ಲಿ ಹಾದುಹೋಗುವವನ ಲೆಕ್ಕದಿಂದಲ್ಲ, ಅಲ್ಲಿ ಬಾಳುವವನ ಲೆಕ್ಕದಿಂದ ಎಂಬುದು ಇದರಿಂದ ಸಿದ್ಧವಾಗುತ್ತದೆ.

೬

ಪರಿಹಾರಗಳು ಕಷ್ಟದವಲ್ಲ, ಹೆಚ್ಚಿನವಕ್ಕೆ ಹಣವೂ ಬೇಡ. ಈಗಿನ ಎಂಜಿನ್ನುಗಳನ್ನು ನಿಂತಲ್ಲಿಯೇ ಓಡಿಸಿ ಬಿಸಿಮಾಡುವ ಅಗತ್ಯವಿಲ್ಲ. ಚಾಲೂ ಮಾಡಿದ ಕೂಡಲೇ ನಿಧಾನವಾಗಿ ಹೊರಡಬಹುದು. ಸಂಜೆ ಬಂದಾಗಲೇ ಕಾರನ್ನು ಹಿಂದಕ್ಕೆ ನಡೆಸಿ, ಮುಖ ಬಾಗಿಲಿನ ಕಡೆಗಿರುವಂತೆ ನಿಲ್ಲಿಸಿದರೆ ತಿರುಗಿಸುವ ಕೆಲಸವೆಲ್ಲ ಕಾದ ಎಂಜಿನ್ನಿನಲ್ಲಿ ನಡೆದುಹೋಗುತ್ತದೆ. ಹೊಗೆಕೊಳವೆ ಕಾವಲುಗಾರನ ಗೂಡಿಗೋ ಯಾರ ಕಿಟಕಿಗೋ ನೇರವಾಗದಂತೆ ಮಾತ್ರ ನೋಡಿಕೊಳ್ಳಬೇಕು. ಮುಚ್ಚಿದ ಸ್ಥಳದಲ್ಲಿ ಎಂಜಿನ್ ಓಡಿಸಿಕೊಂಡು ಕಾರಿನೊಳಗೆ ಯಾರೂ ಮಲಗಬಾರದು. ೨೦೧೬ರ ವರ್ದಾ, ೨೦೨೩ರ ಮಿಚಾಂಗ್ ಚಂಡಮಾರುತಗಳಂಥ ಸಂದರ್ಭಗಳಲ್ಲಿ ವಿದ್ಯುತ್ ನಿಂತಾಗ ಜನರೇಟರುಗಳನ್ನು ಕಂಬದಡಿಯಲ್ಲಿಟ್ಟು ಓಡಿಸುವುದು ಎಲ್ಲಕ್ಕಿಂತ ಅಪಾಯಕರ. ಸಣ್ಣ ಪೆಟ್ರೋಲ್ ಜನರೇಟರಿಗೆ ಕಾರಿನ ಶೋಧಕವಿಲ್ಲ. ಅದು ಎರಡು ನಿಮಿಷಕ್ಕೆ ಹೊರಟುಹೋಗುವುದೂ ಇಲ್ಲ. ಅದನ್ನು ಬಯಲಿನಲ್ಲಿ, ಕಿಟಕಿಗಳಿಂದ ದೂರವಾಗಿ ಇಡಬೇಕು. ಕಟ್ಟಡದ ದೊಡ್ಡ ಡೀಸೆಲ್ ಜನರೇಟರಿದ್ದರೆ ಅದರ ಹೊಗೆಕೊಳವೆಯನ್ನು ಮೇಲ್ಛಾವಣಿಗಿಂತ ಎತ್ತರಕ್ಕೆ ಒಯ್ಯಬೇಕು.

ಮನೆಯೊಡೆಯರ ಸಂಘಗಳು ಒಂದು ಭಾನುವಾರ ಅಳತೆಪಟ್ಟಿಯನ್ನು ಹಿಡಿದು ತಮ್ಮ ಕಂಬದಡಿಯ ತೆರಪುಗಳನ್ನು ಅಳೆದುನೋಡುವುದು ಉಚಿತ. ತಗಡು ಹೊಡೆದ ಜಾಲರಿಯನ್ನು ತೆರಪೆಂದು ಎಣಿಸಕೂಡದು. ಗಾಳಿ ಹಾಯುವ ಸಂದುಗಳನ್ನು ಮಾತ್ರ ಎಣಿಸಬೇಕು. ಎದುರುಬದಿರಿನ ಎರಡು ಪಕ್ಕಗಳಲ್ಲಿ ತೆರಪು ಇಲ್ಲದಿದ್ದರೆ ಒಂದು ಕಡೆಯ ತಗಡನ್ನಾದರೂ ತೆಗೆಯಬೇಕು, ಅಥವಾ ಓರೆಹಲಗೆಗಳ ಕಿಂಡಿಯನ್ನು ಇಡಿಸಬೇಕು; ಮಳೆಯೂ ನಿಲ್ಲುತ್ತದೆ, ಗಾಳಿಯೂ ಆಡುತ್ತದೆ. ಇಂಗಾಲದ ಮಾನಾಕ್ಸೈಡನ್ನು ಕಂಡುಹಿಡಿದು ಗಂಟೆ ಬಾರಿಸುವ ಸಣ್ಣ ಯಂತ್ರಗಳು ಈಗ ದೊರೆಯುತ್ತವೆ. ಹತ್ತು ಮನೆಗಳವರು ಹಂಚಿಕೊಂಡರೆ ಅದರ ಬೆಲೆ ಯಾರಿಗೂ ಭಾರವಾಗುವಂಥದಲ್ಲ. ಅದನ್ನು ಇಡಬೇಕಾದ ಸ್ಥಳ ಕಾವಲುಗಾರ ಮಲಗುವ ಕಡೆ, ಅವನ ಮೂಗಿನ ಎತ್ತರದಲ್ಲಿ.

ವಿದ್ಯುತ್ ವಾಹನಗಳು ಬಂದಂತೆಲ್ಲ ಈ ಚರ್ಚೆ ತಾನಾಗಿ ಮುಗಿಯುತ್ತದೆ ಎಂದು ಹೇ­ಳುವವರಿದ್ದಾರೆ. ಅವುಗಳಿಗೆ ಹೊಗೆಕೊಳವೆ ಇಲ್ಲವೆಂಬುದು ನಿಜ. ಆದರೆ ಇಂದು ಕೊಂಡ ಪೆಟ್ರೋಲ್ ಕಾರು ಇನ್ನೂ ಹತ್ತು ಹದಿನೈದು ವರ್ಷ ಅದೇ ಕಂಬಗಳ ನಡುವೆ ನಿಲ್ಲುತ್ತದೆ. ಅಲ್ಲಿಯವರೆಗೆ ಮಾಡತಕ್ಕ ಮೊದಲನೆಯ ಕೆಲಸ, ಖರ್ಚೇ ಇಲ್ಲದ್ದು, ಒಂದುಂಟು. ವಾಹನಗಳು ಸಾಲುಗಟ್ಟಿ ಎಂಜಿನ್ ಓಡಿಸಿಕೊಂಡು ನಿಲ್ಲುವ ಇಳಿಜಾರು ಮತ್ತು ಬಾಗಿಲಿನ ಒಳಮಗ್ಗುಲಲ್ಲಿ ಹೊಗೆ ಹೆಚ್ಚಾಗಿ ಕೂಡುತ್ತದೆ. ಕಾವಲುಗಾರನ ಕುರ್ಚಿಯನ್ನು ನಾವು ಸಾಮಾನ್ಯವಾಗಿ ಹಾಕಿಸುವುದೂ ಅಲ್ಲಿಯೇ. ಆ ಕುರ್ಚಿಯನ್ನು ಬಾಗಿಲಿನ ಹೊರಕ್ಕೆ, ಒಂದು ಸೂರಿನಡಿಗೆ, ಸರಿಸಬೇಕು.